ನಲವತ್ತರ ಮೇಲೆ ಹೋಗಲ್ಲ

ಜನವರಿ ೬, ಸೋಮವಾರ

ಇವತ್ತೂ ಜೀಪಿನ ಸೆಲ್ಫ್ ಹೊಡೆಯಲಿಲ್ಲ. ಕುಶಾಲನಗರಕ್ಕೆ ಮುಂಚಿನ ಕೊಪ್ಪದಲ್ಲಿ ಟೀಗೆಂದು ನಿಲ್ಲಿಸಿದ್ದೇ ತಪ್ಪಾಯಿತು. ಕೀ ತಿರುಗಿಸಿದರೆ ಟಕ್ ಅಂದು ಸುಮ್ಮನಾಯಿತು. ಹದಿನಾಲ್ಕು ಜನ ಹೆಂಗಸರು ಬುತ್ತಿ ಚೀಲಗಳನ್ನು ಸೀಟಿನ ಮೇಲಿಟ್ಟು, ಇಳಿದು, ಸೆರಗು ಸಿಕ್ಕಿಸಿಕೊಂಡು ಜೀಪು ತಳ್ಳಿದರು. ಸರಿಯಾಗಿ ಆ ಹೊತ್ತಿಗೇ ಮಹದೇವಪ್ರಸಾದನ ಜೀಪು ಬರಬೇಕೆ! ನಮ್ಮ ಹಾಗೆಯೇ ಕೊಡಗಿನ ಕಾಫಿ ತೋಟಕ್ಕೆ ಆಳುಗಳ ಟ್ರಿಪ್ ಹೊಡೆಯುವವನು. ತಲೆ ಹೊರಗೆ ಹಾಕಿ, "ಏನ್ ಚೈತ್ರಕ್ಕ, ಗಾಡಿ ನೀವ್ ಓಡಿಸ್ತಾ ಇದ್ದೀರೋ, ಇವ್ರು ಓಡಿಸ್ತಾವ್ರೋ?" ಅಂದ. ಅವನ ಗಾಡಿಯವರೆಲ್ಲ ಕಿಸಕ್ಕನೆ ನಕ್ಕರು. ನಾನು ತಿರುಗಿಯೂ ನೋಡಲಿಲ್ಲ. ಹಲ್ಲಿದೆ, ನಗುತ್ತಾರೆ. ನಗಲಿ.

ತೋಟ ಮುಟ್ಟುವಾಗ ಒಳ್ಳೆಯ ಸಾಲುಗಳೆಲ್ಲ ಅವನ ಜನಕ್ಕೆ ಹಂಚಿಹೋಗಿದ್ದವು. ಸಿದ್ದಾಪುರದ ಕಡೆಯ ಈ ತೋಟದ ಪದ್ಧತಿಯೇ ಹಾಗೆ. ಮೊದಲು ಬಂದ ಜೀಪಿನವರಿಗೆ ಹಣ್ಣು ತುಂಬಿ ಬಗ್ಗಿದ ಗಿಡ, ಕಡೆಗೆ ಬಂದವರಿಗೆ ಇಳಿಜಾರಿನ ಬರಡು ಗಿಡ. ಕೂಲಿ ಕುಯ್ದ ಹಣ್ಣಿನ ತೂಕಕ್ಕೆ. ಹಾಗಾಗಿ ಡ್ರೈವರ್‌ಗಳೆಲ್ಲ ಬೆಳಗ್ಗೆ ಬೆಳಗ್ಗೆ ರೇಸಿಗೆ ಬಿದ್ದವರ ಥರ ಓಡಿಸುತ್ತಾರೆ.

ಸಂಜೆ ಜಗಲಿಯ ಮೇಲೆ ಮಾವ ಕಾದಿದ್ದರು. ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. "ನೋಡವ್ವ, ಮಹದೇವಪ್ರಸಾದ ಜೀಪ ಬಾಡ್ಗೆಗೆ ಕೇಳ್ತಾವ್ನೆ. ಶಿವರಾತ್ರಿಗಂಟ ನೋಡ್ತೀನಿ. ಅಷ್ಟ್ರಲ್ಲಿ ಲೈನ್ ಕೆಟ್ರೆ ಕೊಟ್ಬುಡದೇಯ" ಅಂದರು.

ಕೊಡಲಿ, ನೋಡೋಣ! ನವೆಂಬರಿನಲ್ಲಿ ನಮ್ಮ ಯಜಮಾನರು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡಾಗ ಈ ಜೀಪು ಓಡಿಸಲು ಯಾರು ಮುಂದೆ ಬಂದರು? ಸಾಲಿಗ್ರಾಮದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದ ಕೈ ಇದು. ಅವರ ಜೀಪು, ಅವರು ಎದ್ದು ಬರುವವರೆಗೆ ಈ ಟ್ರಿಪ್ಪಿನ ಲೈನು ಉಳಿಸಿಕೊಡುತ್ತೇನೆ. ಗೊಬ್ಬರದಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಬಾಯಿಬಿಟ್ಟು ಬೈಯಲಾಗದ್ದನ್ನು ಇದರಲ್ಲಿ ಬೈಯುತ್ತೇನೆ.

ಜನವರಿ ೮, ಬುಧವಾರ

ಪಿರಿಯಾಪಟ್ಟಣದಲ್ಲಿ ಉಮಾಶಂಕರನ ಎಲೆಕ್ಟ್ರಿಕಲ್ ಅಂಗಡಿಗೆ ಗಾಡಿ ಬಿಟ್ಟೆ. ಬಾನೆಟ್ ಎತ್ತಿ ನೋಡಿದವನೇ ಬ್ಯಾಟರಿ ತಿನ್ನುವವುಗಳ ಪಟ್ಟಿ ಹೇಳಿದ. ಮಂಜಿಗೆಂದು ನಾಲ್ಕು ಎಕ್ಸ್‌ಟ್ರಾ ಲೈಟು, ಹಾಡಿಗೆಂದು ಸೀಟಿನ ಕೆಳಗೆ ಎರಡು ವೂಫರ್, ಮೇಲೊಂದು ಆಂಪ್ಲಿಫೈಯರ್. ಎಲ್ಲ ನಮ್ಮ ಯಜಮಾನರ ಶೋಕಿ. ಗಾಡಿಯೋ ಮಂಜಿನಲ್ಲಿ ತೆವಳುತ್ತದೆ. ಅಷ್ಟು ನಿಧಾನಕ್ಕೆ ಹೋದರೆ ಬ್ಯಾಟರಿ ತುಂಬುವುದು ಯಾವಾಗ?

"ಹಳೇ ಡೈನಮೊ ಸತ್ತೋಗದೆ ಅಕ್ಕ. ಟ್ರ್ಯಾಕ್ಟ್ರಿಂದೊಂದು ಅದೆ, ಕೂರುಸ್ಬುಡ್ತೀನಿ. ಬೆಲ್ಟ್ ಸುತ್ತೋ ಪುಲ್ಲಿ ಚಿಕ್ಕದು. ಎಂಜಿನ್ ನಿಧಾನಕ್ಕಿದ್ರೂ ಅದು ಜೋರಾಗ್ ತಿರುಗ್ತದೆ, ಚಾರ್ಜು ಭರ್ಜರಿ. ಈ ಲೈನಲ್ಲಿರೋ ಅರ್ಧ ಜೀಪ್ಗೆ ಇದ್ನೇ ಹಾಕಿರೋದು ನಾನು."

ಬ್ಯಾಟರಿ ತುಂಬುವ ಆಲ್ಟರ್ನೇಟರ್‌ಗೆ ಇಲ್ಲೆಲ್ಲ ಡೈನಮೊ ಅಂತಲೇ ಹೆಸರು. ಹಾಕಿ ಮುಗಿಸಿ ಲೈಟು ಹಚ್ಚಿದ. ಅಬ್ಬಬ್ಬಾ, ಎದುರಿನ ಬೇಕರಿಯ ಬನ್ನುಗಳನ್ನೆಲ್ಲ ಎಣಿಸಬಹುದಿತ್ತು. ಬಾ ಮಹದೇವಪ್ರಸಾದ, ಈಗ ಬಾ.

ಜನವರಿ ೧೦, ಶುಕ್ರವಾರ

ಹೊಡೆದೆ! ಕೊಪ್ಪಕ್ಕಿಂತ ಮುಂಚೆ, ನೇರ ರಸ್ತೆಯಲ್ಲಿ, ಎಪ್ಪತ್ತರ ಹತ್ತಿರ ಒತ್ತಿ ಅವನ ಪಕ್ಕದಲ್ಲೇ ಹಾದುಹೋದೆ. ಹಿಂದೆ ಹೆಂಗಸರು ಕೇಕೆ ಹಾಕಿದರು. ಹಾಡು ಬೇರೆ ಜೋರಾಗಿತ್ತು. ಮೊದಲ ಸಾಲು ನಮ್ಮದೇ. ತೋಟದ ಲೆಕ್ಕ ಬರೆಯುವ ರೈಟರ್ ನಮ್ಮವರ ಹೆಸರು ಬರೆಯುತ್ತಾ, "ಇವತ್ತೇನು ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನಾ?" ಅಂದ.

ಇವರಿಗೆ ಹೇಳಿದರೆ ಮಂಚದಲ್ಲಿ ಮಲಗಿದ್ದವರು ಎದ್ದು ಕೂತರು. "ನನ್ನ ಜೀಪ್ ಕಣೇ ಅದು, ಸುಮ್ನೇನಾ!" ಅಂದರು. ಓಡಿಸಿದ್ದು ನಾನು. ಇರಲಿ.

ಜನವರಿ ೧೪, ಸಂಕ್ರಾಂತಿ

ಟ್ರಿಪ್ಪಿಲ್ಲ. ಜೀಪು ತೊಳೆದೆ. ಹಬ್ಬದ ದಿನ ಸೊಸೆ ಗಾಡಿಯ ಕೆಳಗೆ ಮಲಗಿದ್ದಾಳೆ ಎಂದು ಅತ್ತೆ ಸುಂದ್ರಮ್ಮ ಬೀದಿಗೆಲ್ಲ ಕೇಳುವ ಹಾಗೆ ಗೊಣಗಿದರು. ಎಳ್ಳು ಬೀರಲು ಹೋಗುವಾಗ ಮಾತ್ರ ಜೀಪಿನಲ್ಲೇ ಹೋಗೋಣ ಅಂದರು.

ಜನವರಿ ೧೬, ಗುರುವಾರ

ಗಾಡಿ ಊಳಿಡುತ್ತಿದೆ. ಐವತ್ತು ದಾಟಿದರೆ ಬಾನೆಟ್ಟಿನೊಳಗಿಂದ ಕುಯ್ಯೋ ಎಂದು ಶುರು, ಅರವತ್ತಕ್ಕೆ ಕಿವಿ ಕೊರೆಯುತ್ತದೆ. ಸುನಂದಮ್ಮ ಅಂತ ಒಬ್ಬಳು ವಯಸ್ಸಾದವಳು ನನ್ನ ಸೀಟಿನ ಹಿಂದೆಯೇ ಕೂರುತ್ತಾಳೆ. "ಚೈತ್ರಮ್ನೋರೆ, ಅದೇನೋ ಕೂಗ್ತದಲ್ಲ, ನಿಲ್ಸಿ ನೋಡಬಾರ್ದಾ?" ಅಂದಳು. ಹಾಡಿನ ಸೌಂಡು ಹೆಚ್ಚು ಮಾಡಿದೆ.

ಕುಶಾಲನಗರ ದಾಟಿದ ಮೇಲೆ ಸುಟ್ಟ ವಾಸನೆ. ಆಗ ನಿಲ್ಲಿಸಲೇಬೇಕಾಯಿತು. ಡೈನಮೊ ಮೇಲೆ ಉಗುಳಿದರೆ ಚುರ್ ಅನ್ನುವಷ್ಟು ಬಿಸಿ. ಅಲ್ಲೇ ರಸ್ತೆ ಬದಿಯಲ್ಲಿ ಬಗ್ಗಿ ನೋಡುತ್ತಾ ನಿಂತವಳಿಗೆ ಅಪ್ಪನ ಹಿಟ್ಟಿನ ಗಿರಣಿ ನೆನಪಾಯಿತು. ಒಮ್ಮೆ ಕೆಲಸ ಬೇಗ ಆಗಲಿ ಎಂದು ಯಾರೋ ಕಲ್ಲಿನ ಕಡೆ ಚಿಕ್ಕ ಪುಲ್ಲಿ ಹಾಕಿದ್ದರು. ಕಲ್ಲು ಹುಚ್ಚು ಹಿಡಿದಂತೆ ತಿರುಗಿ ರಾಗಿ ಹಿಟ್ಟು ಕಮರಿತ್ತು, ಬೇರಿಂಗು ಒಡೆದು ಗೋಡೆಗೆ ಬಡಿದಿತ್ತು. ಅಪ್ಪ ಅವತ್ತು ಆಡಿದ ಮಾತು ಬರೆಯುವಂಥದ್ದಲ್ಲ.

ಇದೂ ಅದೇ ಅಲ್ಲವೇ? ಎಂಜಿನ್ನಿನ ದೊಡ್ಡ ಪುಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಈ ಪುಟ್ಟದ್ದು ಮೂರು ಸುತ್ತು ಬರುತ್ತದೆ. ಟ್ರ್ಯಾಕ್ಟರ್ ಎಂಜಿನ್ ನಿಧಾನದ್ದು, ಅದಕ್ಕೆ ಮೂರು ಪಟ್ಟಾದರೂ ತಡೆದೀತು. ಜೀಪಿನ ಎಂಜಿನ್ ಜೋರು ಓಡಿದರೆ ಅದರ ಎರಡರಷ್ಟು ತಿರುಗುತ್ತದೆ. ಅದಕ್ಕೂ ಮೂರು ಪಟ್ಟು ಅಂದರೆ ಯಾವ ಬೇರಿಂಗು ತಾಳುತ್ತದೆ? ಅದು ಹಿಡಿದುಕೊಂಡರೆ ಬೆಲ್ಟು ಹರಿಯುತ್ತದೆ. ಆ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುವುದು. ಬ್ಯಾಟರಿ ಮೊದಲೇ ಮುದಿ. ಮಂಜಿನಲ್ಲಿ, ತಿರುವಿನಲ್ಲಿ, ಇಷ್ಟು ಜನರನ್ನು ತುಂಬಿಕೊಂಡಿರುವಾಗ ಲೈಟು ಹೋದರೆ?

ಉಳಿದ ದಾರಿ ತೆವಳಿಕೊಂಡೇ ಹೋದೆ.

ಜನವರಿ ೧೮, ಶನಿವಾರ

ಉಮಾಶಂಕರನ ಹತ್ತಿರ ಜಗಳವಾಡಿ ಬಂದೆ.

"ಗಿರಣಿನೇ ಬೇರೆ, ಗಾಡಿನೇ ಬೇರೆ ಅಕ್ಕ. ಮಹದೇವಪ್ರಸಾದಣ್ಣ ಮೂರು ವರ್ಷದಿಂದ ಓಡಿಸ್ತಿಲ್ವಾ? ಏನಾಗದೆ?"

"ಅವನಿಗೇನೂ ಆಗದೆ ಇರೋದು ಅವನ ಪುಣ್ಯ. ನನಗೆ ದೊಡ್ಡ ಪುಲ್ಲಿ ಹಾಕಿಕೊಡು."

"ಈ ಶಾಫ್ಟಿಗೆ ಕೂರೋ ದೊಡ್ಡ ಪುಲ್ಲಿ ಎಲ್ಲಿಂದ ತರ್ಲಿ? ಲೇತಲ್ಲಿ ಮಾಡಿಸ್ಬೇಕು. ಹಾಕುದ್ರೆ ನಿಧಾನದಲ್ಲಿ ಚಾರ್ಜಾಗಲ್ಲ ಅಂತ ಮತ್ತೆ ನನ್ನ ತಲೆನೇ ತಿಂತೀರ."

ತಿಂತೀನಿ. ಅದಕ್ಕೇ ನೀನು ಅಂಗಡಿ ಇಟ್ಟುಕೊಂಡಿರೋದು ಅಂದೆ. ಪಕ್ಕದಲ್ಲಿ ಪಂಕ್ಚರ್ ಹಾಕುತ್ತಿದ್ದವನು ನಗು ತಡೆದುಕೊಂಡ.

ಸರಿಯಾದ ಪುಲ್ಲಿ ಸಿಗುವವರೆಗೆ ನಲವತ್ತರ ಮೇಲೆ ಹೋಗಲ್ಲ. ಆ ಸ್ಪೀಡಿನವರೆಗೆ ಸದ್ದಿಲ್ಲ, ಬಿಸಿಯೂ ಇಲ್ಲ. ಕೈಯಿಟ್ಟು ನೋಡಿದ್ದೇನೆ.

ಜನವರಿ ೨೧, ಮಂಗಳವಾರ

ಎರಡನೇ ದಿನವೂ ಕಡೆಯ ಸಾಲು. ಇಳಿಜಾರು, ಕಾಲು ನಿಲ್ಲದ ಜಾಗ. ಸಂಜೆ ತೂಕಕ್ಕೆ ಬಂದಾಗ ನನ್ನ ಗಾಡಿಯವರ ಚೀಲಗಳು ಅರ್ಧಕ್ಕೇ ಬಾಗಿದ್ದವು. ದಾರಿಯುದ್ದಕ್ಕೂ ಬೈಗುಳ.

"ಎತ್ತಿನ ಗಾಡಿ ಕಟ್ಕೊಂಡಿದ್ರೂ ಇಷ್ಟೊತ್ತಿಗೆ ಬತ್ತಿದ್ವು ಕಣಮ್ಮಿ."

"ಡ್ರೈವಿಂಗ್ ಬರ್ದಿದ್ರೆ ಮನೇಲಿ ಮುದ್ದೆ ತಿರುವ್ಕೊಂಡಿರ್ಬೇಕಪ್ಪ."

ಗಾಡಿ ನಿಲ್ಲಿಸಿದೆ. ಇಳಿದು ಹಿಂದೆ ಹೋಗಿ ಹೇಳಿದೆ. "ಎಪ್ಪತ್ತಕ್ಕೆ ಒತ್ತೋದು ಹೇಗೆ ಅಂತ ಹಬ್ಬಕ್ಕೆ ಮುಂಚಿನ ಶುಕ್ರವಾರ ತೋರಿಸಿದೀನಿ. ಈ ಗಾಡಿ ಆ ಸ್ಪೀಡಿಗೆ ತಡೆಯಲ್ಲ. ಒಂದಿನ ಒಡೀತದೆ. ಒಡೆದಾಗ ಹಳ್ಳದಲ್ಲಿ ನಾನೂ ಇರ್ತೀನಿ, ನೀವೂ ಇರ್ತೀರ. ಬರೋರು ಬನ್ನಿ, ಬಿಡೋರು ಬಿಡಿ."

ಊರು ಬಂದು ಇಳಿಯುವಾಗ ನಾಲ್ಕು ಜನ, ನಾಳೆಯಿಂದ ಮಹದೇವಪ್ರಸಾದನ ಗಾಡಿಗೆ ಹೋಗುತ್ತೇವೆ ಅಂದರು. ಹೋಗಿ, ನನಗೇನಂತೆ!

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಅತ್ತುಬಿಟ್ಟೆ. ಈರುಳ್ಳಿ ಅಲ್ಲ.

ಜನವರಿ ೨೨, ಬುಧವಾರ

ಇವರ ಜೊತೆ ಮಾತಿಗೆ ಮಾತು.

"ಎಂಬತ್ತರಲ್ಲಿ ಓಡಿಸಿದೀನಿ ಕಣೇ ಆ ಗಾಡೀನ. ಒಂದು ಸದ್ದಿಗೆ ಹೆದ್ರುಕೊಂಡು ಲೈನ್ ಹಾಳ್ ಮಾಡ್ತೀಯಲ್ಲ. ನಾಳೆ ಅಪ್ಪ ಕೀ ಕಿತ್ಕೊಂಡು ಅವನಿಗೆ ಕೊಟ್ರೆ ನಾನೇನ್ ಮಾಡ್ಲಿ?"

"ನೀವು ಓಡಿಸಿದಾಗ ಈ ಡೈನಮೊ ಇರ್ಲಿಲ್ಲ ಕಣ್ರೀ."

"ಗಂಡಸ್ರೆಲ್ಲ ಓಡಿಸ್ತಿಲ್ವಾ?"

"ಓಡಿಸ್ಲಿ. ನಾನು ಓಡಿಸಲ್ಲ."

ಗೋಡೆ ಕಡೆ ತಿರುಗಿ ಮಲಗಿದರು. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಬಂದೆ. ಕೋಪ ಕಾಲಿನ ಮೇಲಲ್ಲವಲ್ಲ.

ಜನವರಿ ೨೩, ಗುರುವಾರ

ನಲವತ್ತು. ಕಡೆಯ ಸಾಲು. ಇನ್ನೂ ಇಬ್ಬರು ಹೋದರು.

ಹೋಗಲ್ಲ ಅಂದರೆ ಹೋಗಲ್ಲ.

ಜನವರಿ ೨೪, ಶುಕ್ರವಾರ

ಹಾಲು ಕಾಯಿಸುತ್ತಾ ಇದ್ದಾಗ ಹೊಳೆಯಿತು. ಎಂಥಾ ಪೆದ್ದಿ ನಾನು! ಬೇಗ ಮುಟ್ಟಬೇಕು ಅಂದರೆ ಜೋರಾಗಿಯೇ ಯಾಕೆ ಹೋಗಬೇಕು? ಬೇಗ ಹೊರಟರೂ ಆಯಿತಲ್ಲ. ಎಲ್ಲ ಜೀಪುಗಳೂ ಆರಕ್ಕೆ ಹೊರಡುತ್ತವೆ. ನಾವು ಐದಕ್ಕೆ ಹೊರಡೋಣ.

ಸಂಜೆ ಉಳಿದವರಿಗೆ ಹೇಳಿದೆ. ಕೂಗಾಡಿದರು. ಮುದ್ದೆ ಯಾವಾಗ ಮಾಡೋದು, ಮಕ್ಕಳನ್ನ ಎಬ್ಬಿಸೋದು ಯಾರು, ಆ ಚಳಿಯಲ್ಲಿ ಯಾರು ಎದ್ದಾರು? ಎಲ್ಲ ನಿಜವೇ. ಸುನಂದಮ್ಮ ಎಲೆಯಡಿಕೆ ಉಗಿದು ಬಂದು, "ಜೀವ ಇದ್ರೆ ತಾನೇ ಮುದ್ದೆ ತಿನ್ನದು? ನಾನು ಐದಕ್ಕೆ ಬತ್ತೀನಿ. ಬರ್ದೇ ಇರೋರು ಮಲಿಕ್ಕಳಿ ಬುಡಿ" ಅಂದಳು.

ಜನವರಿ ೨೬, ಭಾನುವಾರ

ನಿನ್ನೆ ಐದಕ್ಕೆ ಹೊರಟು, ನಲವತ್ತರಲ್ಲೇ ಹೋಗಿ, ಎಲ್ಲರಿಗಿಂತ ಮೊದಲು ಗೇಟು ಮುಟ್ಟಿದೆವು. ವಾಚ್‌ಮನ್ ಇನ್ನೂ ಹಲ್ಲುಜ್ಜುತ್ತಿದ್ದ.

ಇವತ್ತು ಡೈನಮೊ ಬಿಚ್ಚಿಸಿಕೊಂಡು ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋದೆ. ಅಪ್ಪ ಸಾಲಿಗ್ರಾಮದಿಂದ ಬಂದಿದ್ದರು. ಅವರ ಪರಿಚಯದ ಲಿಂಗಣ್ಣನ ಲೇತು. ಎಂಜಿನ್ನಿನ ದೊಡ್ಡ ಪುಲ್ಲಿಯ ಅಳತೆಯನ್ನು ದಾರದಲ್ಲಿ ತೆಗೆದುಕೊಂಡು ಹೋಗಿದ್ದೆ. ಲಿಂಗಣ್ಣ ಡೈನಮೊ ಮೈಮೇಲಿನ ಪ್ಲೇಟು ಒರೆಸಿ, ಅದು ಹೆಚ್ಚೆಂದರೆ ಎಷ್ಟು ಸುತ್ತು ತಡೆಯುತ್ತದೆ ಎಂದು ಓದಿದ. ಜೀಪಿನ ಎಂಜಿನ್ ಪೂರ್ತಿ ಒತ್ತಿದರೂ ಆ ಗೆರೆ ದಾಟದ ಹಾಗೆ ಲೆಕ್ಕ ಹಾಕಿದ.

"ಈಗಿಂದಕ್ಕಿಂತ ಅರ್ಧ ಇಂಚು ದೊಡ್ಡದು ಮಾಡ್ತೀನಿ. ಇನ್ನೂ ದೊಡ್ಡದು ಮಾಡುದ್ರೆ ನಿಧಾನದಲ್ಲಿ ಚಾರ್ಜೇ ಆಗಕಿಲ್ಲ. ಇದ್ರಲ್ಲೂ ಒಸಿ ಕಮ್ಮಿನೇ ಆಯ್ತದೆ ಕಣವ್ವ, ಲೋಡು ಇಳಿಸ್ಕೋಬೇಕು."

ಅಪ್ಪ ಹೊಸ ಪುಲ್ಲಿಯನ್ನು ಅಂಗೈಯಲ್ಲಿ ತೂಗಿ ನೋಡಿ, "ನಿಮ್ಮೆಜಮಾನ್ರು ಏನಂತಾರೆ?" ಅಂದರು. ಏನೂ ಕೇಳಿಲ್ಲ ಅಂದೆ. ಅಪ್ಪ ನಕ್ಕರು.

ಜನವರಿ ೨೮, ಮಂಗಳವಾರ

ಊಳು ನಿಂತಿದೆ. ಅರವತ್ತಕ್ಕೆ ಒತ್ತಿ ನೋಡಿದೆ, ಗಾಡಿ ಗಪ್‌ಚಿಪ್. ಆದರೆ ಲಿಂಗಣ್ಣ ಹೇಳಿದ ಹಾಗೇ ಆಯಿತು. ಮಂಜಿನಲ್ಲಿ ತೆವಳುವಾಗ ಲೈಟು ಮಂಕು. ಏನಾದರೂ ಒಂದು ಬಿಡಲೇಬೇಕು. ಲೈಟು ಬಿಡೋಕಾಗಲ್ಲ.

ಸಂಜೆ ಸ್ಪ್ಯಾನರ್ ತೆಗೆದುಕೊಂಡು ವೂಫರು, ಆಂಪ್ಲಿಫೈಯರು ಎರಡನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಇವರು ಕೋಲೂರಿಕೊಂಡು ಹೊಸಿಲವರೆಗೆ ಬಂದು ಕಿರುಚಾಡಿದರು. "ಯಾರನ್ ಕೇಳಿ ಬಿಚ್ಚಿದೆ? ನನ್ ಗಾಡಿ ಅದು!" ಅತ್ತೆ ಕೂಡ ದನಿಗೂಡಿಸಿದರು. ನಾನು ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಕೈ ತೊಳೆದು, ಒಲೆಗೆ ಎಸರಿಟ್ಟೆ.

ವೂಫರ್ ಇದ್ದ ಜಾಗದಲ್ಲಿ ಈಗ ಬುತ್ತಿ ಚೀಲಗಳು ಹಿಡಿಸುತ್ತವೆ. ತೊಡೆಯ ಮೇಲೆ ಇಟ್ಟುಕೊಳ್ಳುವುದು ತಪ್ಪಿತು.

ಫೆಬ್ರವರಿ ೫, ಬುಧವಾರ

ಎಷ್ಟು ದಿನದಿಂದ ಬರೆದಿಲ್ಲ. ಬರೆಯಲು ಏನೂ ಆಗಿಲ್ಲ. ಐದಕ್ಕೆ ಹೊರಡುತ್ತೇವೆ, ಮೊದಲ ಸಾಲೋ ಎರಡನೆಯದೋ ಸಿಗುತ್ತದೆ. ಹೋದವರಲ್ಲಿ ಇಬ್ಬರು ವಾಪಸು ಬಂದು ಏನೂ ಆಗದವರಂತೆ ಹತ್ತಿ ಕೂತರು. ನಾನೂ ಏನೂ ಕೇಳಲಿಲ್ಲ. ಉಳಿದ ನಾಲ್ವರು ಬರಲಿಲ್ಲ.

ನಮ್ಮ ಗಾಡಿಯಲ್ಲೇ ಬರುವ ಸೌಂದರ್ಯಾ ಐದು ತಿಂಗಳ ಬಸುರಿ. ಅವಳನ್ನು ಮುಂದೆ ನನ್ನ ಪಕ್ಕ ಕೂರಿಸಿಕೊಳ್ಳುತ್ತೇನೆ, ಹಿಂದೆ ಕುಲುಕಾಟ ಜಾಸ್ತಿ. ಸುನಂದಮ್ಮನ ಮಂಡಿಗೆ ಮೆಟ್ಟಿಲು ಎತ್ತರ, ಒಂದು ಪಟ್ಟಿ ಕೆಳಕ್ಕೆ ವೆಲ್ಡ್ ಮಾಡಿಸಬೇಕು. ಇವತ್ತು ಮಂಜು ಹೆಚ್ಚಿತ್ತು. ಹಾಡಿಲ್ಲವಲ್ಲ, ಅವರೇ ಹಾಡಿಕೊಂಡರು. ಸುನಂದಮ್ಮನ ರಾಗ ಕೇಳಿದರೆ ದನ ಕಟ್ಟು ಕಿತ್ತುಕೊಂಡು ಓಡುತ್ತದೆ. ನಕ್ಕು ನಕ್ಕು ಸಾಕಾಯಿತು.

ನನ್ನ ಗಾಡಿಯ ಬ್ರೇಕ್ ಸ್ವಲ್ಪ ಸಡಿಲವಾಗಿದೆ, ನೋಡಿಸಬೇಕು.

ಫೆಬ್ರವರಿ ೧೩, ಗುರುವಾರ

ಪ್ಲಾಸ್ಟರ್ ಬಿಚ್ಚಿದ್ದಾಗಿದೆ, ಇವರು ಕೋಲಿಲ್ಲದೆ ನಡೆಯುತ್ತಾರೆ. ಸಂತೋಷವೇ. ಊಟಕ್ಕೆ ಕೂತಾಗ, "ಸೋಮವಾರದಿಂದ ನಾನೇ ಲೈನಿಗೆ ಹೋಗ್ತೀನಿ, ಮೊದಲ್ನೇ ದಿನ ನೀನೂ ಜೊತೆಗೆ ಬಾ" ಅಂದರು. ಮಾವ ಹೂಂ ಅಂದರು. ಅತ್ತೆ, ಸದ್ಯ, ಇನ್ನು ಮನೆ ಮನೆಯಂತಾಗುತ್ತದೆ ಅಂದರು.

ಸರಿಯೇ. ಅದಕ್ಕೇ ತಾನೇ ನಾನು ಓಡಿಸಿದ್ದು? ಲೈನು ಉಳಿಸಿ ಕೊಟ್ಟೆ, ಮುಗಿಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಉಪ್ಪಿನ ಡಬ್ಬಿ ಜಾಗ ಬದಲಾಯಿಸಿದವರು ಯಾರೋ, ಅವರಿಗೆ ನನ್ನ ಬಾಯಲ್ಲಿ ಏನೇನು ಬಂತೋ. ಬದಲಾಯಿಸಿದ್ದು ನಾನೇ ಅಂತೆ.

ಫೆಬ್ರವರಿ ೧೭, ಸೋಮವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನೆ ಟೈರಿಗೆ ಗಾಳಿ ಹೊಡೆಸಿಕೊಂಡು ಬರುತ್ತೇನೆ ಎಂದು ಇವರು ಜೀಪು ತೆಗೆದುಕೊಂಡು ಪಿರಿಯಾಪಟ್ಟಣಕ್ಕೆ ಹೋದರು. ಅಟ್ಟದ ಮೇಲಿನ ವೂಫರ್ ಕೂಡ ಜೊತೆಗೆ ಹೋದದ್ದು ನನಗೆ ಗೊತ್ತಾಗಲಿಲ್ಲ. ಬೆಳಗ್ಗೆ ಆರಕ್ಕೆ ಹಾಡು ಹಾಕಿಕೊಂಡೇ ಹೊರಟರು. ಐದಕ್ಕೆ ಅಂದರೆ ಕೇಳಲಿಲ್ಲ. ಬುತ್ತಿ ಚೀಲಗಳು ಮತ್ತೆ ತೊಡೆಯ ಮೇಲೆ ಬಂದವು. ನಾನು ಪಕ್ಕದ ಸೀಟಿನಲ್ಲಿ ಸೌಂದರ್ಯಾಳ ಜೊತೆ ಒತ್ತಿ ಕೂತೆ.

ಮುಂದೆ ಮಹದೇವಪ್ರಸಾದನ ಗಾಡಿ ಕಂಡಿತು. ಇವರ ಮುಖ ಅರಳಿತು. ಒತ್ತಿದರು. ಐವತ್ತು, ಐವತ್ತೈದು. ಆಗ ಬಾನೆಟ್ಟಿನೊಳಗಿಂದ ಆ ಊಳು ಬಂತು. ಹಾಡಿನ ಮೇಲೆಯೂ ಕೇಳಿತು.

"ಪುಲ್ಲಿ ಬದಲಾಯಿಸಿದ್ರಾ?" ಅಂದೆ.

"ಸೆಟ್ಟು ಹಾಡಬೇಕಲ್ಲ! ಉಮಾಶಂಕರ ಹಳೇ ಚಿಕ್ಕದ್ನೇ ಹಾಕ್ದ. ಏನೂ ಆಗಲ್ಲ ಸುಮ್ನಿರು."

"ನಿಲ್ಸಿ."

ನಿಲ್ಲಿಸಲಿಲ್ಲ. ನಾನು ಇನ್ನೊಂದು ಸಲ ಬಾಯಿ ತೆರೆಯುವ ಮುಂಚೆ ಹಿಂದಿನಿಂದ ದಬದಬ ಬಡಿತ ಶುರುವಾಯಿತು. ಎಲ್ಲರೂ ತಗಡಿಗೆ ಬಡಿಯುತ್ತಿದ್ದರು. "ಅದೇ ಸದ್ದು ಕಣಮ್ಮಿ! ಚೈತ್ರಾ, ನಿಲ್ಸಾಕೇಳು!" ಅಂತ ಸುನಂದಮ್ಮ ಕೂಗಿದಳು. ಇವರು ಆಗಲೂ ಕಾಲು ತೆಗೆಯದಿದ್ದಾಗ ಸೀಟಿನ ಹಿಂದಿನಿಂದ ಕೈ ಹಾಕಿ ಶರ್ಟಿನ ಕಾಲರ್ ಹಿಡಿದಳು. "ನಿಲ್ಸಪ್ಪಾ ಬಸವಪ್ರಸಾದ, ಹೊಟ್ಟೇಲಿ ಮಗಾ ಇಟ್ಕೊಂಡೋಳು ಪಕ್ದಲ್ ಕುಂತವ್ಳೆ!"

ಜೀಪು ನಿಂತಿತು. ಮಂಜಿನಲ್ಲಿ ಒಬ್ಬೊಬ್ಬರೇ ಇಳಿದು ರಸ್ತೆ ಬದಿಯಲ್ಲಿ ಸಾಲಾಗಿ ನಿಂತರು. ನಾನೂ ಇಳಿದೆ, ಸೌಂದರ್ಯಾಳನ್ನೂ ಇಳಿಸಿದೆ. ಬಾನೆಟ್ ಎತ್ತಿ ಇವರನ್ನು ಕರೆದು, ಕೈಯಿಡಿ ಅಂದೆ. ಇಡಲು ಹೋಗಿ ಚುಳ್ಳೆಂದು ತೆಗೆದರು.

"ಆಯ್ತು, ಇನ್ಮೇಲ್ ನಿಧಾನಕ್ ಹೋಗ್ತೀನಿ, ಹತ್ತಿ" ಅಂದರು. ಒಬ್ಬಳೂ ಹತ್ತಲಿಲ್ಲ. ಬೆನ್ನು ಬಾಗಿದವಳಿಂದ ಹಿಡಿದು ಬಸುರಿಯವರೆಗೆ ಒಬ್ಬರೂ ಕದಲಲಿಲ್ಲ. ಬುತ್ತಿ ಚೀಲ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದರು. "ಅವ್ಳು ಕುಂತ್ರೆ ನಾವ್ ಹತ್ತದು" ಅಂದಳು ಸುನಂದಮ್ಮ.

ನಾನು ಕೈ ಚಾಚಿದೆ. ಇವರು ಕೀ ಕೊಡಲಿಲ್ಲ, ಗಾಡಿಯಲ್ಲೇ ಬಿಟ್ಟು ಹಿಂದಕ್ಕೆ ಹೋದರು. ಹತ್ತಲು ಆ ಕಾಲು ಎತ್ತಲಾಗಲಿಲ್ಲ. ಹೆಂಗಸರೇ ಕೈಕೊಟ್ಟು ಮೇಲೆಳೆದುಕೊಂಡರು. ನಲವತ್ತರಲ್ಲಿ ಹೋದೆವು. ಕಡೆಯ ಸಾಲು ಸಿಕ್ಕಿತು. ಯಾರೂ ಚಕಾರ ಎತ್ತಲಿಲ್ಲ.

ಸಂಜೆ ಬರುವಾಗ ಉಮಾಶಂಕರನ ಅಂಗಡಿ ಮುಂದೆ ನಿಲ್ಲಿಸಿ ದೊಡ್ಡ ಪುಲ್ಲಿ ಮತ್ತೆ ಹಾಕಿಸಿದೆ. ಅವನು ಇವರ ಕಡೆ ನೋಡಿದ. ಇವರು ಹಿಂದಿನ ಸೀಟಿನಿಂದ ಅಲುಗಲಿಲ್ಲ.

ಅಂಗಳದಲ್ಲಿ ಇಳಿಯುವಾಗ ಮಾವ ಕೇಳಿಯೇಬಿಟ್ಟರು. "ಯಾಕ್ಲಾ ಬಸವಪ್ರಸಾದ, ಹಿಂದ್ಗಡೆಯಿಂದ ಇಳೀತಾ ಇದ್ದೀಯ?"

ಇವರು ನೇರ ಒಳಗೆ ಹೋದರು. ಕೈಕಾಲು ತೊಳೆದರು, ವಿಭೂತಿ ಹಚ್ಚಿಕೊಂಡರು, ಊಟಕ್ಕೆ ಕೂತರು. ಮುದ್ದೆ ಮುರಿಯದೆ ತಟ್ಟೆ ನೋಡುತ್ತಾ ಕೂತಿದ್ದರು. ಕೋಪ ಬರಿಸಿಕೊಳ್ಳೋಣ ಅಂದರೆ ಬರಲಿಲ್ಲ. ಸಾರು ಬಡಿಸಿದೆ.

ಕಡೆಗೆ ತಲೆ ಎತ್ತದೆಯೇ ಕೇಳಿದರು. "ನಾಳೆ ಎಷ್ಟೊತ್ತಿಗೆ ಹೊರಡ್ತೀಯ?"

"ಐದಕ್ಕೆ. ಬರೋದಾದ್ರೆ ಹಿಂದೆ ಕೂತ್ಕೊಳ್ಳಿ" ಅಂದೆ.